ಗೋಡೆಗೊಂದು ಕಂಬಳಿ

ನಮ್ಮ ಪಕ್ಕದ ಮನೆಯ ಅಜ್ಜಿಗೆ ಎಂಬತ್ತೆರಡು ವರ್ಷ. ಯಾರ್ಕ್‌ಷೈರ್‌ನ ನಮ್ಮ ಬೀದಿಯ ಮನೆಗಳೆಲ್ಲ ವಿಕ್ಟೋರಿಯಾ ರಾಣಿಯ ಕಾಲದವು, ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿವೆ. ಅಜ್ಜಿಯದು ಸಾಲಿನ ಕೊನೆಯ ಮನೆ, ಮೂರು ಕಡೆಯಿಂದಲೂ ಗಾಳಿ ಹೊಡೆಯುತ್ತದೆ. ಜನವರಿಯ ಒಂದು ಸಂಜೆ ಸಾರು ಕೊಡಲು ಹೋದಾಗ ಅವರು ಓವರ್‌ಕೋಟ್ ತೊಟ್ಟುಕೊಂಡೇ ಕುರ್ಚಿಯಲ್ಲಿ ಕೂತಿದ್ದರು. ಗೋಡೆಯ ಮೇಲಿನ ಥರ್ಮಾಮೀಟರ್ 14 ಡಿಗ್ರಿ ತೋರಿಸುತ್ತಿತ್ತು. ಹೀಟಿಂಗ್ ಹಾಕಲೇ ಎಂದು ಕೇಳಿದರೆ, "ಬೇಡಪ್ಪ, ನನಗೇನೂ ಚಳಿ ಅನ್ನಿಸ್ತಿಲ್ಲ" ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ನನಗೆ ಭಯವಾದದ್ದೇ ಅದಕ್ಕೆ.

ವಯಸ್ಸಾದಂತೆ ಚಳಿಯನ್ನು ಗುರುತಿಸುವ ಚುರುಕು ಮೈಗೆ ಕಡಿಮೆಯಾಗುತ್ತದೆ. ಶಾಖ ಹುಟ್ಟಿಸುವ ಮಾಂಸಖಂಡವೂ ಕರಗಿರುತ್ತದೆ. ಆದರೆ ಮನಸ್ಸಿಗೆ ತಿಳಿಯದಿದ್ದರೂ ರಕ್ತಕ್ಕೆ ತಿಳಿಯುತ್ತದೆ. ಇರುವ ಶಾಖವನ್ನು ಉಳಿಸಿಕೊಳ್ಳಲು ಚರ್ಮದ ರಕ್ತನಾಳಗಳು ಬಿಗಿಯುತ್ತವೆ. ಅಲ್ಲಿದ್ದ ರಕ್ತ ಒಳಕ್ಕೆ ಸರಿದು ಒತ್ತಡ ಏರುತ್ತದೆ. ಒಳಗೆ ಜಾಸ್ತಿಯಾದ ನೀರನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ. ಚಳಿಗಾಲದಲ್ಲಿ ಪದೇ ಪದೇ ಬಚ್ಚಲಿಗೆ ಓಡಬೇಕಾಗುವುದಕ್ಕೆ ಇದೂ ಒಂದು ಕಾರಣ. ನೀರು ಹೋದ ಮೇಲೆ ಉಳಿಯುವ ರಕ್ತ ಗಟ್ಟಿ. ಲಂಡನ್ನಿನ ಶರೀರಕ್ರಿಯಾ ವಿಜ್ಞಾನಿ ವಿಲಿಯಂ ಕೀಟಿಂಗ್ ಮತ್ತು ಸಂಗಡಿಗರು 1984ರಲ್ಲಿ ಇದನ್ನು ಅಳೆದು ತೋರಿಸಿದರು. ಸ್ವಯಂಸೇವಕರ ಮೈಯನ್ನು ಅವರು ತಂಪು ಮಾಡಿದ್ದು ಸ್ವಲ್ಪವೇ. ಅಷ್ಟಕ್ಕೇ ರಕ್ತದೊತ್ತಡ, ಕೆಂಪು ಕಣಗಳ ಸಾಂದ್ರತೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಸಂಖ್ಯೆ, ರಕ್ತದ ಮಂದತನ ಎಲ್ಲವೂ ಏರಿದವು. ಹೃದಯದ ನಾಳ ಮೊದಲೇ ಕಿರಿದಾಗಿರುವ ಮುದಿ ದೇಹದಲ್ಲಿ ಇದೇ ಬದಲಾವಣೆಯಾದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ. ಬ್ರಿಟನ್ನಿನಲ್ಲಿ ಚಳಿಗೆ ಬಲಿಯಾಗುವವರಲ್ಲಿ ಮೈ ಮರಗಟ್ಟಿ ಸಾಯುವವರು ತೀರ ಕಡಿಮೆ. ಹೃದಯಾಘಾತ, ಪಾರ್ಶ್ವವಾಯು, ನ್ಯುಮೋನಿಯಾ ಎಂದು ಮರಣಪತ್ರದಲ್ಲಿ ಬರೆದಿರುತ್ತದೆ. ಚಳಿಯ ಹೆಸರು ಅಲ್ಲಿ ಕಾಣುವುದೇ ಇಲ್ಲ. ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ, ವೃದ್ಧರಿಗೆ ಇನ್ನೂ ಹೆಚ್ಚು ಬೇಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದು ಈ ಕಾರಣಕ್ಕೆ.

ಹಾಗಾದರೆ ಚಳಿ ದೇಶಗಳಲ್ಲಿ ಸಾವು ಹೆಚ್ಚಿರಬೇಕಲ್ಲವೇ? ಕೀಟಿಂಗ್ ಅವರೇ ಮುಂದೆ ನಿಂತು ಯುರೋಪಿನ ಹಲವು ಪ್ರದೇಶಗಳಲ್ಲಿ ನಡೆಸಿದ 'ಯೂರೋವಿಂಟರ್' ಅಧ್ಯಯನ 1997ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಫಲಿತಾಂಶ ತಿರುವುಮುರುವಾಗಿತ್ತು. ಹೊರಗಿನ ತಾಪಮಾನ 18ಕ್ಕಿಂತ ಕೆಳಗೆ ಒಂದೊಂದು ಡಿಗ್ರಿ ಇಳಿದಾಗಲೂ ಅಥೆನ್ಸ್‌ನಲ್ಲಿ ಸಾವು ಶೇ 2.15ರಷ್ಟು ಏರುತ್ತಿತ್ತು, ದಕ್ಷಿಣ ಫಿನ್ಲೆಂಡ್‌ನಲ್ಲಿ ಬರೀ ಶೇ 0.27. ಹೊರಗೆ 7 ಡಿಗ್ರಿ ಇದ್ದ ದಿನ ಫಿನ್ಲೆಂಡಿನವರ ಕೂರುವ ಕೋಣೆಯಲ್ಲಿ 21.7 ಡಿಗ್ರಿ ಇರುತ್ತಿತ್ತು, ಅಥೆನ್ಸ್‌ನವರದ್ದರಲ್ಲಿ 19.2. ಅದೇ 7 ಡಿಗ್ರಿಯಲ್ಲಿ ಹೊರಗೆ ಹೋಗುವಾಗ ಟೋಪಿ ಹಾಕುತ್ತಿದ್ದವರು ಫಿನ್ಲೆಂಡಿನಲ್ಲಿ ಶೇ 72, ಅಥೆನ್ಸ್‌ನಲ್ಲಿ ಶೇ 13. ಈ ಸಂಖ್ಯೆಗಳನ್ನು ಮೊದಲ ಸಲ ಓದಿದಾಗ ನಾನು ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಮುದುಕರನ್ನು ಕೊಲ್ಲುತ್ತಿರುವುದು ಆಕಾಶದ ಚಳಿಗಿಂತ ಹೆಚ್ಚಾಗಿ ಮನೆಯೊಳಗಿನ ಚಳಿ. ಆಕಾಶವನ್ನು ಯಾವ ಸರ್ಕಾರವೂ ಬೆಚ್ಚಗೆ ಮಾಡಲಾರದು, ಮನೆಯನ್ನು ಮಾಡಬಹುದು.

ಮನೆಯನ್ನು ಬೆಚ್ಚಗಿಡಲು ಎರಡು ದಾರಿ: ಇನ್ನಷ್ಟು ಉರಿಸುವುದು, ಇಲ್ಲವೇ ಉರಿಸಿದ್ದನ್ನು ಹಿಡಿದಿಡುವುದು. ನಮ್ಮೂರಿನ ಕುರಿ ಕಂಬಳಿ ಎರಡನೆಯ ದಾರಿಯದು. ಅದು ತಾನಾಗಿ ಶಾಖ ಕೊಡುವುದಿಲ್ಲ. ಉಣ್ಣೆಯ ಎಳೆಗಳ ನಡುವೆ ಗಾಳಿ ಅಲುಗಾಡದೆ ಸಿಕ್ಕಿಕೊಂಡಿರುತ್ತದೆ, ಅಲುಗಾಡದ ಗಾಳಿಯ ಮೂಲಕ ಶಾಖ ಸುಲಭಕ್ಕೆ ದಾಟಲಾರದು. ಅಟ್ಟದಲ್ಲಿ ಹಾಸುವ ಗಾಜಿನ ನಾರು, ಗೋಡೆಗೆ ಹಚ್ಚುವ ಫೋಮ್ ಹಲಗೆ ಇವೆಲ್ಲ ಇದೇ ಜಾತಿಯವು. ಇಟ್ಟಿಗೆ ಹಾಗಲ್ಲ, ಒಂದೇ ದಪ್ಪದ ಗಾಜಿನ ನಾರಿಗಿಂತ ಹತ್ತು ಹದಿನೈದು ಪಟ್ಟು ಸುಲಭವಾಗಿ ಶಾಖವನ್ನು ಬಿಟ್ಟುಕೊಡುತ್ತದೆ.

ಅಜ್ಜಿಯ ಮನೆಗೆ ಒಂದು ಲೆಕ್ಕ ಹಾಕೋಣ. ಒಂಬತ್ತು ಅಂಗುಲದ ಗಟ್ಟಿ ಇಟ್ಟಿಗೆ ಗೋಡೆಯಲ್ಲಿ ಒಂದು ಚದರ ಮೀಟರಿಗೆ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ, ಸುಮಾರು 2 ವಾಟ್ ಶಾಖ ಸೋರುತ್ತದೆ. ಇದನ್ನು ಯು-ಮೌಲ್ಯ ಎನ್ನುತ್ತಾರೆ. ಹೊರಗೋಡೆ 60 ಚದರ ಮೀಟರ್, ಒಳಗೆ 18, ಹೊರಗೆ 3 ಡಿಗ್ರಿ ಎಂದುಕೊಂಡರೆ ಸೋರಿಕೆ ಸುಮಾರು 1,800 ವಾಟ್. ದೊಡ್ಡ ರೂಮ್ ಹೀಟರ್ ಒಂದನ್ನು ಅಂಗಳದಲ್ಲಿ ಇಟ್ಟು ಹಗಲೂ ರಾತ್ರಿ ಉರಿಸಿದಂತೆ. ಗ್ಯಾಸ್ ಯೂನಿಟ್‌ಗೆ 6 ಪೆನ್ಸ್ ಹಿಡಿದು, ಬಾಯ್ಲರಿನ ನಷ್ಟವನ್ನೂ ಸೇರಿಸಿದರೆ ದಿನಕ್ಕೆ ಹೆಚ್ಚುಕಡಿಮೆ 3 ಪೌಂಡ್. ಚಾವಣಿ, ಕಿಟಕಿ, ಬಾಗಿಲ ಸಂದುಗಳ ಲೆಕ್ಕ ಇದರಲ್ಲಿ ಸೇರಿಲ್ಲ. ಅದೇ ಗೋಡೆಗೆ ಸರಿಯಾದ ಹೊದಿಕೆ ಹಾಕಿದರೆ ಯು-ಮೌಲ್ಯ 0.3ಕ್ಕೆ ಇಳಿಯುತ್ತದೆ, ಸೋರಿಕೆ 270 ವಾಟ್‌ಗೆ. ಅಟ್ಟದಲ್ಲಿ ಏನೂ ಹಾಸದಿದ್ದಾಗ 2.3ರಷ್ಟಿರುವ ಮೌಲ್ಯ, 270 ಮಿಲಿಮೀಟರ್ ನಾರು ಹಾಸಿದರೆ 0.16.

ಸರ್ಕಾರ ಕೊಡುವ ನೆರವನ್ನು ಈ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಬೇಕು. 'ವಿಂಟರ್ ಫ್ಯೂಯೆಲ್ ಪೇಮೆಂಟ್' ಎಂಬ ಚಳಿಗಾಲದ ಇಂಧನ ಭತ್ಯೆ 1997ರಲ್ಲಿ ಹುಟ್ಟಿತು. ಆಗ ಹಣಕಾಸು ಸಚಿವರಾಗಿದ್ದವರು ಗಾರ್ಡನ್ ಬ್ರೌನ್. ಹೆಚ್ಚಿನವರಿಗೆ 20 ಪೌಂಡ್‌ನಿಂದ ಆರಂಭವಾದದ್ದು ಈಗ ಮನೆಗೆ 200, ಎಂಬತ್ತು ದಾಟಿದವರಿದ್ದರೆ 300. ಇದಲ್ಲದೆ ಬಡ ಪಿಂಚಣಿದಾರರಿಗೆ, ಸತತ ಏಳು ದಿನ ಸರಾಸರಿ ತಾಪಮಾನ ಸೊನ್ನೆ ಅಥವಾ ಅದಕ್ಕೂ ಕೆಳಗಿದ್ದರೆ 25 ಪೌಂಡ್. ಕರೆಂಟು ಬಿಲ್ಲಿನಲ್ಲಿ 150 ಪೌಂಡ್‌ನ ರಿಯಾಯಿತಿ ಬೇರೆ. ಅಜ್ಜಿಯ ಮನೆಯನ್ನು ದಿನವಿಡೀ 18 ಡಿಗ್ರಿಯಲ್ಲಿ ಇಟ್ಟರೆ, ಅವರಿಗೆ ಬರುವ 300 ಪೌಂಡ್ ಮೂರು ತಿಂಗಳು ಚಿಲ್ಲರೆ ದಿನಗಳಲ್ಲಿ ಗೋಡೆಯ ಮೂಲಕವೇ ಹೊರಟುಹೋಗುತ್ತದೆ. ಮುಂದಿನ ವರ್ಷ ಮತ್ತೆ ಅಷ್ಟೇ.

ಅಂದಮಾತ್ರಕ್ಕೆ ಹಣ ಕೊಡುವುದು ವ್ಯರ್ಥ ಎಂದು ನಾನು ಹೇಳಲಾರೆ. ಇದರ ಬಗ್ಗೆ ನನಗೆ ತುಂಬ ಇಷ್ಟವಾದ ಒಂದು ಸಂಶೋಧನೆ ಇದೆ. ಭತ್ಯೆ ಬ್ಯಾಂಕಿಗೆ ಬರುವುದು ಬರಿಯ ಹಣವಾಗಿ. ಅದರಲ್ಲಿ ವೈನ್ ಕೊಳ್ಳಬಹುದು, ಮೊಮ್ಮಕ್ಕಳಿಗೆ ಆಟಿಕೆ ತರಬಹುದು, ಕೇಳುವವರಿಲ್ಲ. ಅರ್ಥಶಾಸ್ತ್ರದ ಸಾಮಾನ್ಯ ನಿಯಮದಂತೆ ಹೀಗೆ ಬಂದ ಹಣದಲ್ಲಿ ಶೇ 3ರಷ್ಟು ಮಾತ್ರ ಇಂಧನಕ್ಕೆ ಹೋಗಬೇಕಿತ್ತು. ಆಗ ಭತ್ಯೆ ಅರವತ್ತಕ್ಕೆ ಸಿಗುತ್ತಿದ್ದುದರಿಂದ, ಅರವತ್ತರ ಗೆರೆಯ ಈಚೆ ಇರುವವರನ್ನೂ ಆಚೆ ಇರುವವರನ್ನೂ ಹೋಲಿಸಿ ಬೀಟಿ, ಬ್ಲೋ, ಕ್ರಾಸ್‌ಲಿ, ಓ'ಡೀ ಎಂಬ ನಾಲ್ವರು ಅರ್ಥಶಾಸ್ತ್ರಜ್ಞರು ಪರೀಕ್ಷಿಸಿದರು. ಸರಾಸರಿ ಶೇ 47 ಭಾಗ ಇಂಧನಕ್ಕೇ ಹೋಗಿತ್ತು. 2014ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ವ್ಯತ್ಯಾಸ ತಂದದ್ದು ಆ ಹಣದ ಹೆಸರು. 'ಇಂಧನ' ಎಂಬ ಮಾತು ಅದರ ಮೇಲೆ ಇರುವುದರಿಂದ, ಇದು ನನ್ನ ಮನೆ ಬೆಚ್ಚಗಿಡಲು ಬಂದದ್ದು ಎಂದು ಮುದುಕರು ನಂಬಿ ಹೀಟಿಂಗ್ ಗುಂಡಿ ಒತ್ತುತ್ತಾರೆ. ಚಳಿ ಗೊತ್ತಾಗದ ಮೈಗೆ, ಖರ್ಚು ಮಾಡಲು ಹಿಂಜರಿಯುವ ಕೈಗೆ ಇದೊಂದು ಅನುಮತಿ.

2024ರ ಜುಲೈನಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್ ಆ ಅನುಮತಿಯನ್ನು ಬಹುತೇಕರಿಂದ ಹಿಂತೆಗೆದುಕೊಂಡರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 'ಪೆನ್ಷನ್ ಕ್ರೆಡಿಟ್' ಮುಂತಾದ ಬಡವರ ಸವಲತ್ತು ಪಡೆಯುವವರಿಗೆ ಮಾತ್ರ ಎಂದಾಯಿತು. ಕೋಟಿ ದಾಟಿದ್ದ ಫಲಾನುಭವಿಗಳ ಸಂಖ್ಯೆ ಸುಮಾರು 15 ಲಕ್ಷಕ್ಕೆ ಇಳಿಯಿತು. ಶ್ರೀಮಂತ ನಿವೃತ್ತರಿಗೆ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪೆನ್ಷನ್ ಕ್ರೆಡಿಟ್‌ಗೆ ಅರ್ಹರಾದ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರು ಅರ್ಜಿಯನ್ನೇ ಹಾಕಿರುವುದಿಲ್ಲ. ನಾಚಿಕೆ, ಉದ್ದನೆಯ ಫಾರಂ, ಕೈಚಾಚಬಾರದೆಂಬ ಹಟ. ಇಲ್ಲಿನ ಆರೋಗ್ಯ ಸೇವೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಕನ್ನಡದ ಹಿರಿಯರಲ್ಲಿಯೂ ಈ ಹಟ ನೋಡಿದ್ದೇನೆ. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಳ್ಳುತ್ತಾರೆ, ಬಾಯಿಬಿಟ್ಟು ಕೇಳುವುದಿಲ್ಲ. ಜನರ ಸಿಟ್ಟಿಗೆ ಮಣಿದ ಸರ್ಕಾರ 2025ರ ಜೂನ್‌ನಲ್ಲಿ ತಿದ್ದಿಕೊಂಡಿತು. ಈಗ ಎಲ್ಲ ಪಿಂಚಣಿದಾರರಿಗೂ ಭತ್ಯೆ ಬರುತ್ತದೆ, ವಾರ್ಷಿಕ ಆದಾಯ 35,000 ಪೌಂಡ್ ಮೀರಿದವರಿಂದ ತೆರಿಗೆಯ ಮೂಲಕ ವಾಪಸು ಪಡೆಯುತ್ತಾರೆ. ಮೊದಲೇ ಹೀಗೆ ಮಾಡಬಹುದಿತ್ತು. ನಡುವೆ ಒಂದು ಚಳಿಗಾಲ ಕಳೆದುಹೋಯಿತು.

ಇನ್ನು ಗೋಡೆಯ ಕಥೆ. ಅಲ್ಲಿ ದುಃಖ ಹೆಚ್ಚು. 2013ರಲ್ಲಿ ಬಂದ 'ಗ್ರೀನ್ ಡೀಲ್' ಸಾಲ ಕೊಟ್ಟು ಮನೆ ಬೆಚ್ಚಗೆ ಮಾಡಿಸಿ ಎಂದಿತು. ಸಾಲ ತೆಗೆದುಕೊಂಡದ್ದು ಸುಮಾರು 14,000 ಮನೆಗಳು, ಎರಡೇ ವರ್ಷದಲ್ಲಿ ಸರ್ಕಾರ ಕೈಬಿಟ್ಟಿತು. ಎಪ್ಪತ್ತೈದರ ಮುದುಕಿ ಸಾಲ ಮಾಡಿ ಗೋಡೆ ಹೊದಿಸುತ್ತಾಳೆಂದು ಯಾರು ಯೋಚಿಸಿದರೋ! ಅದೇ ವರ್ಷ ಶುರುವಾದ 'ಈಕೊ' ಯೋಜನೆ ಇದಕ್ಕಿಂತ ಉತ್ತಮವಾಗಿತ್ತು. ದೊಡ್ಡ ಇಂಧನ ಕಂಪನಿಗಳು ತಮ್ಮ ಖರ್ಚಿನಲ್ಲಿ ಬಡವರ ಮನೆಗೆ ಇನ್ಸುಲೇಷನ್, ಅಂದರೆ ಶಾಖ ಹಿಡಿದಿಡುವ ಹೊದಿಕೆ, ಹಾಕಿಸಬೇಕಿತ್ತು, ಆ ಖರ್ಚು ಎಲ್ಲರ ಬಿಲ್ಲಿನಲ್ಲಿ ಸೇರುತ್ತಿತ್ತು. ಆದರೆ 2025ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಕೊಟ್ಟ ವರದಿ ಎದೆ ಝಲ್ಲೆನಿಸಿತು. ಈ ಯೋಜನೆಯ ಇತ್ತೀಚಿನ ಹಂತದಲ್ಲಿ ಹೊರಗೋಡೆಗೆ ಹೊದಿಕೆ ಹಾಕಿದ ಮನೆಗಳಲ್ಲಿ ಶೇ 98ರಷ್ಟಕ್ಕೆ ದೊಡ್ಡ ದೋಷಗಳಿದ್ದು ದುರಸ್ತಿ ಬೇಕಾಗಿದೆ. ಒಳಗೋಡೆಯ ಕೆಲಸದಲ್ಲಿ ಈ ಪ್ರಮಾಣ ಶೇ 29. ಅದರ ಮುಂದಿನ ತಿಂಗಳ ಬಜೆಟ್‌ನಲ್ಲಿ ಈ ಯೋಜನೆಯನ್ನೇ ಮುಂದುವರಿಸದಿರಲು ಸರ್ಕಾರ ನಿರ್ಧರಿಸಿತು.

ಏನು ತಪ್ಪಿತು? ನೀರು. 20 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 17 ಗ್ರಾಂ ತೇವವನ್ನು ಹೊತ್ತುಕೊಳ್ಳಬಲ್ಲದು, ಸೊನ್ನೆ ಡಿಗ್ರಿಯದು 5 ಗ್ರಾಂ ಮಾತ್ರ. ಅಡುಗೆ, ಸ್ನಾನ, ಒಣಹಾಕಿದ ಬಟ್ಟೆ, ಉಸಿರು ಇವುಗಳಿಂದ ತೇವ ಹೊತ್ತ ಗಾಳಿ ತಣ್ಣನೆಯ ಜಾಗಕ್ಕೆ ತಾಗಿದೊಡನೆ ಹೆಚ್ಚುವರಿ ನೀರನ್ನು ಅಲ್ಲೇ ಇಳಿಸುತ್ತದೆ. ಗೋಡೆಗೆಲ್ಲ ಹೊದಿಕೆ ಹಾಕಿ ಕಿಟಕಿಯ ಅಂಚು ಬಿಟ್ಟರೆ, ಸೂರಿನ ಕೆಳಗೆ ಒಂದು ಗೇಣು ಬಿಟ್ಟರೆ, ಮನೆಯ ತೇವವೆಲ್ಲ ಅಲ್ಲಿ ಬಂದು ಕೂರುತ್ತದೆ, ಬೂಷ್ಟು ಹಿಡಿಯುತ್ತದೆ. ಹೊರಗಿನ ಹಲಗೆಯ ಮೇಲಂಚನ್ನು ಸರಿಯಾಗಿ ಮುಚ್ಚದಿದ್ದರೆ ಮಳೆನೀರು ಹಿಂದೆ ಇಳಿದು ಒಣಗಲು ದಾರಿಯಿಲ್ಲದೆ ನಿಲ್ಲುತ್ತದೆ. ಹಳೆಯ ಇಟ್ಟಿಗೆ ಗೋಡೆ ಮಳೆಯಲ್ಲಿ ನೆನೆದು ಗಾಳಿಯಲ್ಲಿ ಆರುತ್ತ ನೂರು ವರ್ಷ ಬಾಳಿದೆ. ಅದರ ಉಸಿರಾಟ ತಿಳಿಯದೆ ಹೊದಿಸಿದರೆ ಚಳಿಯ ಬದಲು ಬೂಷ್ಟು ಮುದುಕರ ಶ್ವಾಸಕೋಶಕ್ಕೆ ಸೇರುತ್ತದೆ. ಯೋಜನೆಯ ಉದ್ದೇಶ ಸರಿಯಿತ್ತು, ಕೈಕೆಲಸ ಕೆಟ್ಟಿತ್ತು, ನೋಡಬೇಕಾದವರು ನೋಡಲಿಲ್ಲ. ದುರಸ್ತಿಯಾಗುವವರೆಗೆ ಆ ಮನೆಗಳಲ್ಲಿ ಇರಬೇಕಾದವರನ್ನು ನೆನೆದು ಸಿಟ್ಟು ಬರುತ್ತದೆ.

ಸರಿಯಾಗಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಜಿಲೆಂಡ್ ಸಾಕ್ಷಿ. ಅಲ್ಲಿ ಫಿಲಿಪ್ಪಾ ಹೌಡನ್-ಚಾಪ್‌ಮನ್ ಅವರ ತಂಡ ಹೊದಿಕೆಯಿಲ್ಲದ 1,350 ಮನೆಗಳನ್ನು ಆರಿಸಿ, ಚೀಟಿ ಎತ್ತಿದಂತೆ ಕೆಲವಕ್ಕೆ ಮೊದಲು, ಉಳಿದವಕ್ಕೆ ಆಮೇಲೆ ಇನ್ಸುಲೇಷನ್ ಹಾಕಿತು. 2007ರಲ್ಲಿ ಬಂದ ಫಲಿತಾಂಶದಲ್ಲಿ ಮಲಗುವ ಕೋಣೆಯ ತಾಪಮಾನ ಏರಿದ್ದು ಅರ್ಧ ಡಿಗ್ರಿ ಮಾತ್ರ. ಆದರೂ ಉಬ್ಬಸ ಕಡಿಮೆಯಾಗಿತ್ತು, ಮಕ್ಕಳು ಶಾಲೆ ತಪ್ಪಿಸುವುದು, ದೊಡ್ಡವರು ಕೆಲಸ ತಪ್ಪಿಸುವುದು ಕಡಿಮೆಯಾಗಿತ್ತು, ಇಂಧನ ಬಳಕೆ ಶೇ 19ರಷ್ಟು ಇಳಿದಿತ್ತು. ಈ ಸಾಕ್ಷ್ಯ ಕೈಯಲ್ಲಿದ್ದುದರಿಂದ 2009ರಲ್ಲಿ ಅಲ್ಲಿನ ಸರ್ಕಾರ ದೇಶವ್ಯಾಪಿ ಯೋಜನೆ ಆರಂಭಿಸಿತು. ಚಳಿಗಾಲದ ಭತ್ಯೆ ಅಲ್ಲಿ ಬಂದದ್ದು 2018ರಲ್ಲಿ. ಗೋಡೆ ಮೊದಲು, ಹಣ ಆಮೇಲೆ. ಬ್ರಿಟನ್ನಿನ ಮುದುಕರಿಗೆ ಈಗ ಎರಡೂ ಒಟ್ಟಿಗೆ ಬೇಕು. ಗೋಡೆ ಸರಿಯಾಗುವವರೆಗೆ ಭತ್ಯೆ ನಿಲ್ಲಬಾರದು, ಭತ್ಯೆ ಕೊಟ್ಟೆವೆಂದು ಗೋಡೆಯನ್ನು ಮರೆಯಬಾರದು.

ಅಜ್ಜಿಗೆ ನಾವು ಕೂತು ಫಾರಂ ತುಂಬಿಸಿದೆವು. ಅಟ್ಟಕ್ಕೆ ನಾರು ಹಾಸುವ ಕೆಲಸ ಮೊದಲು ಸಿಕ್ಕಿತು, ಅರ್ಧ ದಿನದಲ್ಲಿ ಮುಗಿಯಿತು. ಸೂರಿನ ಅಂಚಿನ ಗಾಳಿಕಿಂಡಿ ಮುಚ್ಚದಂತೆ ಹಾಸಿದ್ದಾರೆಯೇ ಎಂದು ನಾನೇ ಟಾರ್ಚ್ ಹಿಡಿದು ಹತ್ತಿ ನೋಡಿದೆ. ಥರ್ಮಾಮೀಟರ್ ಈಗ 17ರ ಹತ್ತಿರ ನಿಲ್ಲುತ್ತದೆ. ಗೋಡೆ ಇನ್ನೂ ಸರದಿಯಲ್ಲಿದೆ. ಮೊನ್ನೆ ಬೆಳಿಗ್ಗೆ ಇಬ್ಬನಿ ಹೆಪ್ಪುಗಟ್ಟಿದಾಗ ಬೀದಿಯ ಬೇರೆ ಚಾವಣಿಗಳಲ್ಲಿ ಬೆಳ್ಳನೆಯ ಪದರ ಎಂಟಕ್ಕೆಲ್ಲ ಕರಗಿ ಹೆಂಚು ಕಪ್ಪಗೆ ಕಾಣುತ್ತಿತ್ತು. ಅಜ್ಜಿಯ ಚಾವಣಿ ಮಾತ್ರ ಹತ್ತು ಗಂಟೆಯವರೆಗೂ ಬೆಳ್ಳಗೇ ಇತ್ತು.