ಮಳೆಗೆ ಕಾಯುವ ಬಾಟಲಿ

ಸಿಯಾಟಲ್ ಎಂದರೆ ವರ್ಷವಿಡೀ ಜಿಟಿಜಿಟಿ ಮಳೆ ಎಂದುಕೊಂಡವರೇ ಹೆಚ್ಚು. ಆದರೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಆ ಭಾಗದಲ್ಲಿ ಜುಲೈ, ಆಗಸ್ಟ್ ಹೆಚ್ಚುಕಡಿಮೆ ಒಣ ತಿಂಗಳುಗಳು. ಆಗ ಕಾರ್ಖಾನೆಯ ಅಂಗಳದಲ್ಲಿ ಲಾರಿ ಟೈರಿನ ಪುಡಿ, ಬ್ರೇಕಿನ ಮಸಿ, ಫೋರ್ಕ್‌ಲಿಫ್ಟ್ ತೊಟ್ಟಿಕ್ಕಿಸಿದ ಎಣ್ಣೆ, ಗುಜರಿಯ ತುಕ್ಕು ಸದ್ದಿಲ್ಲದೆ ಕೂತಿರುತ್ತವೆ. ಬೇಸಿಗೆ ಮುಗಿದು ಬೀಳುವ ಮೊದಲ ಮಳೆ ಎಲ್ಲವನ್ನೂ ಬಾಚಿಕೊಂಡು ಚರಂಡಿಗೆ ಇಳಿಯುತ್ತದೆ. ಆ ಚರಂಡಿ ಎಷ್ಟೋ ಕಡೆ ನೇರ ಹೊಳೆಗೆ ಹೋಗುತ್ತದೆ. ಅದಕ್ಕೇ ಅಂಗಳದ ಮಳೆನೀರು ಹೊರಬಿಡಲು ಅಲ್ಲಿನ ಕಾರ್ಖಾನೆಗಳು ಪಡೆಯುವ ಪರವಾನಗಿಯಲ್ಲಿ ಒಂದು ಷರತ್ತಿದೆ: ಸೆಪ್ಟೆಂಬರ್ 1ರ ನಂತರದ ಮೊದಲ ಮಳೆಯ ಮಾದರಿ ಬೇಕು, ಅದೂ ನೀರು ಹೊರಹರಿಯತೊಡಗಿದ 12 ಗಂಟೆಯೊಳಗೆ.

ತಾರಸಿಯ ಮಳೆನೀರು ಕೂಡಿಡುವ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಮಳೆಯನ್ನು ಸಂಪಿನೊಳಗೆ ಬಿಡದೆ ಹೊರಗೆ ಹರಿಸುತ್ತೇವಲ್ಲ, ಅಲ್ಲಿ ಬೇಕಾದದ್ದು ಸರಿಯಾಗಿ ಆ ನೀರೇ.

ಬಾಟಲಿ ತುಂಬುವುದು ನೋಡಲು ಸುಲಭ. ಬಾಟಲಿಯ ಬಾಯಿ ಹರಿವಿಗೆ ಎದುರಾಗಿರಬೇಕು, ಕೈ ಅದರ ಹಿಂದಿರಬೇಕು, ತಳದ ಕೆಸರು ಕದಡಬಾರದು. ಲೋಹ ಅಳೆಯುವ ಬಾಟಲಿಯಲ್ಲಿ ಪ್ರಯೋಗಾಲಯದವರು ಮೊದಲೇ ಒಂದಿಷ್ಟು ನೈಟ್ರಿಕ್ ಆಮ್ಲ ಹಾಕಿ ಕೊಟ್ಟಿರುತ್ತಾರೆ. ಅಭ್ಯಾಸಬಲದಿಂದ ಅದನ್ನು ತೊಳೆದರೆ ಮಾದರಿ ಕೆಟ್ಟಂತೆ. ನೀರು ಎಷ್ಟು ಆಮ್ಲೀಯ ಎಂದು ಹೇಳುವ ಪಿಎಚ್ ಅನ್ನು 15 ನಿಮಿಷದೊಳಗೆ ಸ್ಥಳದಲ್ಲೇ ಅಳೆಯಬೇಕು. ನೀರಿನ ಮೇಲೆ ಕಾಮನಬಿಲ್ಲಿನ ಪೊರೆ ಕಂಡರೆ ಒಂದು ಕಡ್ಡಿಯಿಂದ ಕೆದಕಿ ನೋಡುವುದುಂಟು. ಪೊರೆ ಚೂರುಚೂರಾಗಿ ಒಡೆದು ಹಾಗೇ ಉಳಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾಗಳ ಕೆಲಸ, ಸುತ್ತಿ ಬಂದು ಮತ್ತೆ ಕೂಡಿಕೊಂಡರೆ ಎಣ್ಣೆ. ಲಕ್ಷಾಂತರ ರೂಪಾಯಿಯ ಯಂತ್ರಗಳ ನಡುವೆ ಈ ಕಡ್ಡಿ ಪರೀಕ್ಷೆ ನನಗೆ ತುಂಬ ಇಷ್ಟ.

ಎಷ್ಟೋ ಕಾರ್ಖಾನೆಗಳಿಗೆ ತಲೆನೋವಾಗಿರುವುದು ಸತು. ಅದರ ಮೂಲ ಒಳಗಿನ ಯಂತ್ರವೇ ಆಗಬೇಕಿಲ್ಲ, ಮೇಲಿನ ಸೂರೂ ಆಗಬಹುದು. ನಾವು ಜಿಂಕ್ ಶೀಟು ಎನ್ನುತ್ತೇವಲ್ಲ, ಹೆಸರಲ್ಲೇ ಗುಟ್ಟಿದೆ: ತಗಡಿಗೆ ತುಕ್ಕು ಹಿಡಿಯದಂತೆ ಬಳಿದ ಸತು ಪ್ರತಿ ಮಳೆಗೂ ಇಷ್ಟಿಷ್ಟೇ ಕರಗಿ ಇಳಿಯುತ್ತದೆ. ಮನುಷ್ಯನ ಊಟಕ್ಕೆ ಬೇಕಾದ ಈ ಲೋಹ ನೀರಿನಲ್ಲಿ ಕರಗಿ ಬಂದರೆ ಮೀನಿನ ಕಿವಿರಿಗೆ ಕಂಟಕ. ಪರವಾನಗಿಯ ಮಾನದಂಡ ಲೀಟರಿಗೆ 117 ಮೈಕ್ರೋಗ್ರಾಂ. ಒಂದು ಹೆಕ್ಟೇರ್ ಸೂರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು, ಅಷ್ಟರಲ್ಲಿ 1.2 ಗ್ರಾಂ ಸತು ಸೇರಿದರೆ ಸಾಕು, ಗೆರೆ ದಾಟಿತು.

ಆದರೆ ಒಂದು ಬಾಟಲಿ ಹೇಳುವುದು ಒಂದು ಕ್ಷಣದ ಮಾತು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಮೊದಲ 1,000 ಲೀಟರಿನಲ್ಲಿ ಲೀಟರಿಗೆ 300 ಮಿಲಿಗ್ರಾಂ ಕೊಳೆ, ಆಮೇಲಿನ 9,000 ಲೀಟರಿನಲ್ಲಿ 50 ಮಿಲಿಗ್ರಾಂ. ಹತ್ತನೇ ಒಂದು ಪಾಲು ನೀರೇ ಒಟ್ಟು 750 ಗ್ರಾಂ ಕೊಳೆಯಲ್ಲಿ 300 ಗ್ರಾಂ ಹೊತ್ತಿತು. ಬೇಗ ಹೋದವರ ಬಾಟಲಿಯಲ್ಲಿ 300, ತಡವಾಗಿ ಹೋದವರದ್ದರಲ್ಲಿ 50, ನಿಜವಾದ ಸರಾಸರಿ 75. ಯಾರೂ ಸುಳ್ಳು ಹೇಳಿಲ್ಲ.

ಹೊಳೆಗೆ ಬಿದ್ದ ಒಟ್ಟು ಕೊಳೆ ತಿಳಿಯಲು ಹರಿವನ್ನೂ ಅಳೆಯಬೇಕು. ಅದಕ್ಕೆ ಚರಂಡಿಗೆ ಅಡ್ಡಲಾಗಿ 'ವಿ' ಆಕಾರದ ಕಚ್ಚು ಕೊರೆದ ಹಲಗೆ ನಿಲ್ಲಿಸುತ್ತಾರೆ. 90 ಡಿಗ್ರಿ ಕಚ್ಚಿನಲ್ಲಿ ನೀರು 10 ಸೆಂಟಿಮೀಟರ್ ಏರಿದರೆ ಸೆಕೆಂಡಿಗೆ ನಾಲ್ಕು ಲೀಟರಿಗಿಂತ ತುಸು ಹೆಚ್ಚು ಹರಿಯುತ್ತದೆ. 20 ಸೆಂಟಿಮೀಟರ್ ಏರಿದರೆ ದುಪ್ಪಟ್ಟಲ್ಲ, ಐದೂವರೆ ಪಟ್ಟಿಗೂ ಹೆಚ್ಚು. ಅಳತೆಪಟ್ಟಿ ಓದುವಾಗ ಅರ್ಧ ಸೆಂಟಿಮೀಟರ್ ತಪ್ಪಿದರೂ ಲೆಕ್ಕ ಎಲ್ಲಿಗೋ ಹೋಗುತ್ತದೆ.

ಇನ್ನು ಮಳೆ ಭಾನುವಾರ ರಾತ್ರಿ ಎರಡು ಗಂಟೆಗೆ ಬಂದರೆ? ಕೆಲಸದ ವೇಳೆಯ ಹೊರಗೆ ಮಾದರಿ ಹಿಡಿಯಲೇಬೇಕೆಂದು ಪರವಾನಗಿ ಹಟ ಹಿಡಿಯುವುದಿಲ್ಲ. ಮನುಷ್ಯರ ದೃಷ್ಟಿಯಿಂದ ಅದು ಸರಿಯೇ, ಆದರೆ ಅತಿ ಕೊಳಕು ನೀರು ಆಗ ಯಾರ ಕಣ್ಣಿಗೂ ಬೀಳದೆ ಜಾರಿಕೊಳ್ಳುತ್ತದೆ. ಹರಿವಿಗೆ ತಕ್ಕಂತೆ ತಾನೇ ನೀರು ಹೀರಿ ಬಾಟಲಿ ತುಂಬುವ ಯಂತ್ರಗಳಿವೆ. ಅವು ನಿದ್ದೆ ಮಾಡುವುದಿಲ್ಲ. ಆದರೆ ಎಣ್ಣೆ ಅವುಗಳ ಕೊಳವೆಯ ಒಳಗೋಡೆಗೇ ಅಂಟಿಕೊಳ್ಳುತ್ತದೆ, ಪಿಎಚ್ ಬೆಳಗಿನವರೆಗೆ ಕಾಯುವುದಿಲ್ಲ. ಆ ಎರಡಕ್ಕೆ ಈಗಲೂ ಒಬ್ಬರು ರೇನ್‌ಕೋಟ್ ಹಾಕಿಕೊಂಡು, ಗಾಜಿನ ಬಾಟಲಿ ಹಿಡಿದು, ಚರಂಡಿಯ ಬಾಯಿಗೆ ಹೋಗಿ ಬಗ್ಗಬೇಕು.