ಡಿಸ್ಕ್ ಸತ್ತಿಲ್ಲ ಸಾಹುಕಾರ್ರೆ, ಫಾರ್ಮ್ಯಾಟ್ ಬೇಡ

ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳಿಂದ ನನಗೆ ಬರುವ ಫೋನುಗಳಲ್ಲಿ ಈ ಮಾತು ತಪ್ಪುವುದೇ ಇಲ್ಲ: "ಸರ್, ಲಿನಕ್ಸ್ ಏಳವಲ್ದು. ಡಿಸ್ಕ್ ಹೋಗೇದ. ಫಾರ್ಮ್ಯಾಟ್ ಹೊಡಿಲೇನ್ರಿ?"

ಹೊಡಿಬ್ಯಾಡ್ರಿ!

ಪರದೆ ಮೇಲೆ ಬಂದಿರುವುದು ಇಷ್ಟೇ: '/ಡೆವ್/ಎಸ್‌ಡಿಎ2' ಇಲ್ಲ, ಶೆಲ್‌ಗೆ (ಕಮಾಂಡ್ ಟೈಪ್ ಮಾಡುವ ಪರದೆಗೆ) ಬಿಡುತ್ತಿದ್ದೇನೆ. ಡೇಟಾ ಹೋಯಿತು ಅಂತ ಅದು ಎಲ್ಲೂ ಹೇಳಿಲ್ಲ. ಆ ಹೆಸರಿನ ಡಿವೈಸ್ ನೋಡ್, ಅಂದರೆ ಡಿಸ್ಕಿನ ಆ ಭಾಗವನ್ನು ತಲುಪುವ ಹೆಸರು, ಸಿಗಲಿಲ್ಲ ಅಂತ ಮಾತ್ರ ಹೇಳಿದೆ.

ಎಲ್ಲರೂ ಎಡವುವುದು ಇಲ್ಲೇ. /ಡೆವ್ ಒಳಗಿನವು ಡಿಸ್ಕಿನಲ್ಲಿ ಕೂಡಿಟ್ಟ ಫೈಲುಗಳಲ್ಲ. 2009ರ ಕೊನೆಗೆ ಬಂದ 2.6.32 ಕರ್ನಲ್‌ನಿಂದ (ಕರ್ನಲ್ ಅಂದರೆ ಲಿನಕ್ಸಿನ ತಿರುಳು) ಡೆವ್‌ಟಿಎಂಪಿಎಫ್‌ಎಸ್ ಅನ್ನುವ ವ್ಯವಸ್ಥೆ ಇದೆ. ಪ್ರತಿ ಸಲ ಬೂಟ್ ಆಗುವಾಗ ಕರ್ನಲ್ ತನಗೆ ಕಂಡ ಸಾಧನಗಳಿಗೆ ಹೆಸರುಗಳನ್ನು ಮೆಮೊರಿಯಲ್ಲೇ ಹೊಸದಾಗಿ ಹುಟ್ಟಿಸುತ್ತದೆ. ಸಾಧನ ಕಂಡರೆ ಹೆಸರು, ಕಾಣದಿದ್ದರೆ ಇಲ್ಲ. ಅಂದರೆ ನೋಡ್ ಇಲ್ಲದಿರುವುದು ರೋಗವಲ್ಲ, ರೋಗದ ಲಕ್ಷಣ.

ಒಂದು ಫೌಂಡ್ರಿಯಲ್ಲಿ ಹಳೇ ಹಾರ್ಡ್‌ಡಿಸ್ಕನ್ನು ಹೊಸ ಎನ್‌ವಿಎಂಇ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದ್ದರು. ಲಿನಕ್ಸನ್ನು ಎಬ್ಬಿಸುವ ಗ್ರಬ್‌ನಲ್ಲಿ ಯಾರೋ ಹಿಂದೆ ಕೈಯಾರೆ ರೂಟ್ (ಲಿನಕ್ಸ್ ಇರುವ ಭಾಗ) ಅಂದರೆ ಎಸ್‌ಡಿಎ2 ಅಂತ ಬರೆದಿಟ್ಟಿದ್ದರು. ಹೊಸ ಡಿಸ್ಕಿನ ಹೆಸರು ಎನ್‌ವಿಎಂಇ0ಎನ್1ಪಿ2. ಸಿಗುವುದಾದರೂ ಹೇಗೆ? ಮಾಲೀಕರ ಅಣ್ಣನ ಮಗ ಇಂಜಿನಿಯರಿಂಗ್ ಓದುವ ಹುಡುಗ. "ತಡೀರಿ ಕಾಕಾ, ನಾ ಮಾಡ್ತೇನಿ" ಅಂತ ಕೂತು, ನೋಡ್ ಹುಟ್ಟಿಸುವ ಎಂಕೆನೋಡ್ ಕಮಾಂಡಿನಿಂದ, ಆ ಹೆಸರಿಗೆ ಕರ್ನಲ್ ಗುರುತಿಟ್ಟ 8, 2 ನಂಬರ್ ಹಾಕಿ ಎಸ್‌ಡಿಎ2 ಅನ್ನು ತಾನೇ ಸೃಷ್ಟಿಸಿದ್ದ. ಅದನ್ನು ಮೌಂಟ್ ಮಾಡಿದರೆ (ಸಿಸ್ಟಮ್‌ಗೆ ಜೋಡಿಸಿದರೆ) 'ಅಂಥ ಸಾಧನ ಅಥವಾ ವಿಳಾಸ ಇಲ್ಲ' ಅಂತ ಉತ್ತರ! ಖಾಲಿ ಸೈಟಿಗೆ ಮನೆ ನಂಬರಿನ ಬೋರ್ಡ್ ಬಡಿದ ಹಾಗೆ. ಹುಡುಗನ ಹುಮ್ಮಸ್ಸು ನನಗೆ ಇಷ್ಟವಾಯಿತು, ಅದು ಬೇರೆ ಮಾತು.

ಇಂಥ ಹೊತ್ತಿನಲ್ಲಿ ಆ ಶೆಲ್‌ನಲ್ಲೇ, ಕಂಡ ಡಿಸ್ಕುಗಳ ಪಟ್ಟಿ ಕೊಡುವ ಬಿಎಲ್‌ಕೆಐಡಿ ಕಮಾಂಡ್ ಕೊಡಿ. ಡಿಸ್ಕ್ ಬೇರೆ ಹೆಸರಿನಲ್ಲಿ ಕಂಡರೆ ಅರ್ಧ ಕೆಲಸ ಮುಗಿಯಿತು. ಅಲ್ಲೇ ಕಾಣುವ ಯುಯುಐಡಿ, ಅಂದರೆ ಆ ಭಾಗದ ಗುರುತಿನ ಸಂಖ್ಯೆ, ಬರೆದುಕೊಂಡು ರೀಬೂಟ್ ಮಾಡಿ. ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, ರೂಟ್ ಹೆಸರಿನ ಜಾಗದಲ್ಲಿ 'ಯುಯುಐಡಿ=' ಅಂತ ಬರೆದು ಆ ಸಂಖ್ಯೆ ಹಾಕಿ. ಒಳಗೆ ಹೋದ ಮೇಲೆ ಗ್ರಬ್ ಸೆಟ್ಟಿಂಗ್ ಮತ್ತು ಎಫ್‌ಎಸ್‌ಟ್ಯಾಬ್ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅನ್ನುವ ಪಟ್ಟಿ) ಎರಡನ್ನೂ ಸರಿಮಾಡಿ. ಒಂದೇ ಒಂದು ಪೆನ್‌ಡ್ರೈವ್ ಚುಚ್ಚಿದರೂ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಅದಲುಬದಲಾಗಬಹುದು. ಯುಯುಐಡಿಗೆ ಆ ಕಾಟ ಇಲ್ಲ.

ಡಿಸ್ಕ್ ಯಾವ ಹೆಸರಿನಲ್ಲೂ ಕಾಣದಿದ್ದರೆ ಕೇಬಲ್, ಬಯಾಸ್‌ನ ರೇಡ್ ಸೆಟ್ಟಿಂಗ್, ಇಲ್ಲಾ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ (ಬೂಟಿನ ಮೊದಲ ಹಂತದ ಪುಟ್ಟ ಸಿಸ್ಟಮ್‌ನಲ್ಲಿ) ಡ್ರೈವರ್ ಇಲ್ಲದಿರುವುದು, ಈ ಮೂರನ್ನು ನೋಡಿ. ಕೊನೆಯದಾದರೆ ಲೈವ್ ಯುಎಸ್‌ಬಿಯಿಂದ ಸಿಸ್ಟಮ್ ಒಳಗೆ ಹೋಗಿ ಇನಿಟ್‌ರಾಮ್‌ಎಫ್‌ಎಸ್ ಅನ್ನೇ ಹೊಸದಾಗಿ ಕಟ್ಟಬೇಕು. ಹಾಗಂತ ಡಿಸ್ಕ್ ಸಾಯುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ಐ/ಒ ಎರರ್ (ಓದು-ಬರಹದ ದೋಷ) ಸಾಲುಸಾಲಾಗಿ ಬಂದರೆ ಕೈ ತೆಗೆಯಿರಿ, ಮೊದಲು ಡಿಸ್ಕಿನ ಇಮೇಜ್ (ಪೂರ್ತಿ ನಕಲು) ತೆಗೆಸಿ.

ಎಂಕೆನೋಡ್ ನಿಜಕ್ಕೂ ಬೇಕಾಗುವ ಜಾಗ ಬೇರೆ. ತುಂಬಾ ಹಳೆಯ ಕರ್ನಲ್, ಇಲ್ಲವೇ ಕೈಯಲ್ಲೇ ಕಟ್ಟಿದ ಎಂಬೆಡೆಡ್ ಬೋರ್ಡ್. ಅಲ್ಲಿ 'ಮೊದಲ ಕನ್ಸೋಲ್ ತೆರೆಯಲಾಗಲಿಲ್ಲ' ಅಂತ ಬಂದರೆ ಕನ್ಸೋಲ್‌ಗೆ 5, 1 ಮತ್ತು ನಲ್‌ಗೆ 1, 3 ಹಾಕಿ ನೋಡ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆರ್‌ಸಿಂಕ್‌ನಿಂದ ಕಾಪಿ ಮಾಡುವಾಗ /ಡೆವ್ ಬಿಟ್ಟಿದ್ದರೆ, ಹೊಸ ಡಿಸ್ಕಿನಲ್ಲಿ ಆ ಹೆಸರಿನ ಖಾಲಿ ಫೋಲ್ಡರಾದರೂ ಇದೆಯಾ ನೋಡಿ; ಹೆಸರುಗಳು ಕೂರಲು ಜಾಗ ಬೇಕಲ್ಲ.

ಫೋನ್ ಮಾಡುವ ಮೊದಲು ಪರದೆಯ ಫೋಟೊ ಕಳಿಸಿ ಸಾಕು. "ಏನೋ ಇಂಗ್ಲಿಷ್‌ನ್ಯಾಗ ಬಂದೈತ್ರಿ" ಅಂದರೆ ನನಗೂ ಏನೂ ತಿಳಿಯುವುದಿಲ್ಲ.