ಕಾಲು ಎಣಿಸುವ ಮೊದಲು: ಕೀಟ, ಜೇಡ, ಚೇಳು

‘ಆರು ಕಾಲಿದ್ದರೆ ಕೀಟ, ಎಂಟಿದ್ದರೆ ಜೇಡದ ವರ್ಗ.’ ಈ ಸೂತ್ರ ಬಾಯಿಪಾಠ ಮಾಡಿಕೊಂಡು ಮ್ಯೂಸಿಯಂಗೆ ಹೋದ ಮಗು ಚೇಳಿನ ಪೆಟ್ಟಿಗೆಯ ಗಾಜಿಗೆ ಬೆರಳಿಟ್ಟು ಎಣಿಸಿದರೆ ಹತ್ತು ಬರುತ್ತದೆ. ಮಗುವನ್ನು ಗದರಬೇಕಿಲ್ಲ, ಸೂತ್ರವೇ ಅರೆಬರೆ. ಮುಂದಿನ ಇಕ್ಕಳದ ಜೋಡಿ ಕಾಲಲ್ಲ. ಬೇಟೆ ಹಿಡಿಯುವ ಪೆಡಿಪಾಲ್ಪ್. ಜೇಡಕ್ಕೂ ಈ ಜೋಡಿ ಇದೆ, ಗಿಡ್ಡ ಕಾಲಿನಂತೆ ಕಾಣುತ್ತದೆ.

ಹಾಗಾಗಿ ಕಾಲು ಆಮೇಲೆ, ಮೊದಲು ಕುಡಿಮೀಸೆ ಹುಡುಕಿ. ಕೀಟದ ತಲೆಯ ಮೇಲೆ ಒಂದು ಜೋಡಿ ಇರುತ್ತದೆ. ಜೇಡ, ಚೇಳು, ಉಣ್ಣೆಗಳಿಗೆ ಇಲ್ಲವೇ ಇಲ್ಲ, ರೆಕ್ಕೆಯೂ ಇಲ್ಲ. ಎರಡನೆಯದಾಗಿ ದೇಹದ ಭಾಗ ನೋಡಿ. ಕೀಟಕ್ಕೆ ತಲೆ, ಎದೆ, ಹೊಟ್ಟೆ ಬೇರೆ ಬೇರೆ. ಜೇಡಕ್ಕೆ ತಲೆ, ಎದೆ ಒಂದಾಗಿ ಬೆಸೆದುಕೊಂಡಿವೆ.

ದುಂಬಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಮೇಲಿನಿಂದ ನೋಡಿದರೆ ಹಿಂದಿನ ಎರಡು ಜೋಡಿ ಕಾಲುಗಳು ಹೊಟ್ಟೆಯಿಂದ ಹೊರಟಂತೆ ತೋರುತ್ತದೆ. ಗಟ್ಟಿ ಮುಂದಿನ ರೆಕ್ಕೆಗಳು ಎದೆಯ ಹಿಂಭಾಗವನ್ನೂ ಮುಚ್ಚಿಬಿಡುವುದೇ ಇದಕ್ಕೆ ಕಾರಣ. ಅಡಿಯಿಂದ ನೋಡಿದರೆ ಆರೂ ಕಾಲು ಎದೆಗೇ ಸೇರಿರುವುದು ಗೊತ್ತಾಗುತ್ತದೆ.

ಎಣಿಕೆ ಕೈಕೊಡುವ ಇನ್ನೆರಡು ಕಡೆ: ಚಾಟಿಜೇಡ ಮುಂದಿನ ಉದ್ದನೆಯ ಕಾಲುಗಳಿಂದ ಸುತ್ತಲೂ ತಡವುತ್ತಾ ಆರರಲ್ಲೇ ನಡೆಯುತ್ತದೆ. ಮೊಟ್ಟೆಯಿಂದ ಆಗಷ್ಟೇ ಬಂದ ಉಣ್ಣೆಮರಿಗೂ ಆರೇ ಕಾಲು, ಪೊರೆ ಬಿಟ್ಟ ಮೇಲೆ ಎಂಟಾಗುತ್ತದೆ. ಅದೇ ಹಾಲ್‌ನಲ್ಲಿ ಶತಪದಿ ಕಂಡರೆ ಅದು ಎರಡೂ ಗುಂಪಿಗೆ ಸೇರಿದ್ದಲ್ಲ.

ದುಂಬಿ, ಚಿಟ್ಟೆಗಳನ್ನು ಒಣಗಿಸಿ ಪಿನ್ ಚುಚ್ಚಿಟ್ಟಿರುತ್ತಾರೆ, ಜೇಡವನ್ನು ಸಾಮಾನ್ಯವಾಗಿ ಆಲ್ಕೋಹಾಲ್ ಸೀಸೆಯಲ್ಲಿ ಇಡುತ್ತಾರೆ. ಅದರ ಮೆತ್ತನೆಯ ಹೊಟ್ಟೆ ಒಣಗಿದರೆ ಸುಕ್ಕುಗಟ್ಟುತ್ತದೆ. ಸತ್ತ ಜೇಡದ ಕಾಲು ಒಳಕ್ಕೆ ಮಡಚಿರುವುದೇಕೆಂದು ಮಕ್ಕಳು ಕೇಳುವುದುಂಟು, ಒಳ್ಳೆಯ ಪ್ರಶ್ನೆ. ಕಾಲಿನ ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯು ಇದೆ, ಚಾಚುವ ಸ್ನಾಯು ಇಲ್ಲ. ದೇಹದ್ರವದ ಒತ್ತಡವೇ ಕಾಲನ್ನು ಚಾಚುವುದು. ಜೀವ ಹೋದರೆ ಒತ್ತಡವೂ ಹೋಗುತ್ತದೆ.

ಕತ್ತಲೆ ಕೋಣೆಯಲ್ಲಿ ನೇರಳಾತೀತ ಬೆಳಕು ಬಿಟ್ಟು ಚೇಳನ್ನು ನೀಲಿಹಸಿರಾಗಿ ಹೊಳೆಯಿಸಿದ್ದರೆ, ‘ಬಣ್ಣ ಹಚ್ಚಿದ್ದಾರಾ?’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಇಲ್ಲ, ಹೊಳಪು ಅದರ ಹೊರಕವಚದ್ದೇ. ಆಗತಾನೇ ಪೊರೆ ಬಿಟ್ಟ ಚೇಳು ಹಾಗೆ ಹೊಳೆಯುವುದಿಲ್ಲ. ಹೊಸ ಕವಚ ಗಟ್ಟಿಯಾಗುತ್ತಾ ಬಂದಂತೆ ಹೊಳಪೂ ಬರುತ್ತದೆ.